ಇನ್ನೂರು ಮೀಟರಿನೊಳಗೆ

ಪರ್ತ್‌ನಿಂದ ಬಂದ ವರದಿಯನ್ನು ಮಿಲ್ಕಾ ಮೂರು ಸಲ ಓದಿದಳು. "ದ್ರಾಕ್ಷಿ ತೋಟದ ಮೇಲೆ ದಟ್ಟ ಹೊಗೆ ಕಂಡುಬಂದಿಲ್ಲ." ಕೆಳಗೆ ಡೆಸ್‌ನ ಸಹಿ.

ಕಂಡುಬಂದಿಲ್ಲವಂತೆ. ಕೊಯ್ಲಿಗೆ ಒಂದೇ ವಾರವಿರುವಾಗ ಅರಣ್ಯ ಇಲಾಖೆಯವರು ಮುಂದೆ ಕಾಡ್ಗಿಚ್ಚು ಹಬ್ಬದಿರಲೆಂದು ಪಕ್ಕದ ಕರ್ರಿ ಮರಗಳ ಕಾಡಿನ ತರಗೆಲೆಗೆ ಬೆಂಕಿ ಕೊಟ್ಟರು, ಗಾಳಿ ತಿರುಗಿತು, ಎರಡು ದಿನ ಅವಳ ತೋಟದಲ್ಲಿ ಪಕ್ಕದ ಸಾಲೂ ಕಾಣದಷ್ಟು ಹೊಗೆ ಕವಿದಿತ್ತು. ಹೊಗೆ ಕುಡಿದ ದ್ರಾಕ್ಷಿಯ ವೈನ್ ಕೆಡುತ್ತದೆ; ಆದರೆ ಹೊಗೆ ಅಳತೆಯಲ್ಲಿ ಸಾಬೀತಾದರೆ ಮಾತ್ರ ಪರಿಹಾರ. ಇಲಾಖೆಯ ಕಡೆಯಿಂದ ಅಳೆಯಲು ಬಂದವನು ಇಪ್ಪತ್ತು ವರ್ಷದಿಂದ ಗೆಳೆಯನಾದ ಡೆಸ್ ತಾನೇ ಎಂದು ಅವಳು ನಿಶ್ಚಿಂತೆಯಾಗಿದ್ದಳು. ಅವನ ಲೈಡಾರ್ ಯಂತ್ರ ಲೇಸರ್ ಬೆಳಕನ್ನು ಹೊಗೆಯೊಳಕ್ಕೆ ಬಿಟ್ಟು, ಎಷ್ಟು ಬೆಳಕು ಮರಳಿತೆಂದು ನೋಡಿ ಹೊಗೆಯ ದಟ್ಟಣೆ ಹೇಳುತ್ತಿತ್ತು. ಅದರ ಗಾಡಿಯನ್ನು ಅವನು ಬೇಲಿಗೇ ಒತ್ತಿ ನಿಲ್ಲಿಸಿದ್ದ.

"ಇಷ್ಟು ಹತ್ರ ಇದ್ರೆ ನಿನ್ನ ತೋಟದ ಹೊಗೆ ಎಲ್ಲಿಗೆ ತಪ್ಪಿಸ್ಕೊಳ್ಳುತ್ತೆ ಹೇಳು" ಎಂದಿದ್ದ. ಅವಳು ಸಾಸೇಜು ಹುರಿದು ಬಡಿಸಿದ್ದಳು.

ಈಗ ಹೋದ ವರ್ಷದ ಮಾತೊಂದು ನೆನಪಾಯಿತು. ಊರ ಮೈದಾನದಲ್ಲಿ ಇದೇ ಗಾಡಿ ತೋರಿಸುತ್ತ ಡೆಸ್ ನಕ್ಕಿದ್ದ: "ಇದಕ್ಕೂ ನನ್ನ ಹಾಗೇ ಚಾಳೀಸು ಕಣೇ. ಮೊದಲ ಇನ್ನೂರು ಮೀಟರು ಏನೂ ಕಾಣಲ್ಲ. ದೂರ ನಿಲ್ಲಿಸ್ಬೇಕು."

ಮಿಲ್ಕಾ ಬೂಟು ಏರಿಸಿ ಬೇಲಿಗೆ ನಡೆದಳು. ಚಕ್ರದ ಗುರುತು ಇನ್ನೂ ಇತ್ತು. ಅಲ್ಲಿಂದ ತೋಟದ ಕೊನೆಯ ಸಾಲಿಗೆ ಹೆಜ್ಜೆ ಎಣಿಸಿದಳು. ನೂರಾ ಅರವತ್ತು. ಇಡೀ ತೋಟ ಆ ಇನ್ನೂರು ಮೀಟರಿನೊಳಗೇ ಇತ್ತು.

ಮಧ್ಯಾಹ್ನ ಏನೂ ಆಗದವನಂತೆ ಡೆಸ್ ಬಂದ. ಹಣ್ಣಿಗೆ ಹೊಗೆ ತಾಗಿದೆಯೇ ಎಂದು ತಿಳಿಯಲು ಬೆಳೆಗಾರರೆಲ್ಲ ಮಾಡುವಂತೆ, ಅವಳೂ ಬಕೆಟ್ಟಿನಲ್ಲಿ ಒಂದಿಷ್ಟು ದ್ರಾಕ್ಷಿ ಹಿಂಡಿ ಹುಳಿಯಲು ಇಟ್ಟಿದ್ದಳು. ಅದನ್ನೇ ಒಂದು ಲೋಟ ಬಗ್ಗಿಸಿ ಅವನ ಮುಂದಿಟ್ಟಳು.

"ಕುಡಿ."

ಒಂದು ಗುಟುಕಿಗೇ ಅವನು ಮುಖ ಕಿವುಚಿದ. ಬೂದಿ ನೆಕ್ಕಿದ ಹಾಗಿತ್ತು ರುಚಿ.

"ನೂರಾ ಅರವತ್ತು ಹೆಜ್ಜೆ, ಡೆಸ್. ಎಣಿಸಿ ಬಂದೆ."

ಅವನು ತಲೆಯೆತ್ತಲಿಲ್ಲ. "ಬೆಂಕಿ ಕೊಡೋ ದಿನ ಗೊತ್ತುಮಾಡಿದ್ದೂ ನಾನೇ. ಗಾಳಿ ತಿರುಗಲ್ಲ ಅಂತ ಬರ್ಕೊಟ್ಟಿದ್ದೆ. ಹೊಗೆ ಸಾಬೀತಾದ್ರೆ ತಪ್ಪೆಲ್ಲ ನನ್ನ ತಲೆಗೇ. ರಿಟೈರ್ ಆಗೋಕೆ ಇನ್ನೆರಡೇ ವರ್ಷ, ಮಿಲ್ಕಾ. ಹತ್ರ ನಿಲ್ಸಿದ್ರೆ ಕಾಣಲ್ಲ ಅಂತ ನಿನಗೆ ಯಾರು ಹೇಳಿದ್ರು?"

"ನೀನೇ."

ಅವನಿಗೆ ನೆನಪೇ ಇರಲಿಲ್ಲ. ಅವನಾಡಿದ ಒಂದೊಂದು ಮಾತನ್ನೂ ನಂಬಿ ಇಟ್ಟುಕೊಂಡವಳು ಅವಳು.

"ನನ್ನ ಕೈ ಊಟ ಮಾಡ್ತಾನೇ ನನ್ನ ಕುತ್ತಿಗೆ ಕೊಯ್ದೆಯಲ್ಲೋ" ಎಂದಳು. "ನಾಳೆ ಬೆಳೆಗಾರರ ಸಭೇಲಿ ನಿಜ ಹೇಳ್ತೀಯಾ?"

ಡೆಸ್ ಕಿಟಕಿಯ ಕಡೆ ನೋಡಿದ. ಮಿಲ್ಕಾ ಲೋಟವನ್ನು ಅವನ ಕಡೆಗೆ ಸರಿಸಿದಳು.

"ಹಾಗಾದ್ರೆ ಕುಡಿದು ಮುಗಿಸು. ಈ ವರ್ಷದ ನನ್ನ ಬೆಳೆ ಅದು."