ಇಲ್ಲದ ಗೇಟು

ನಾನು ಒಂದು ನಕ್ಷೆಯ ಆ್ಯಪ್. ನನ್ನನ್ನು ಹೆತ್ತವರು ಒಬ್ಬರಲ್ಲ. ಎಲ್ಲೆಲ್ಲಿಯೋ ಕುಳಿತ ಸಾವಿರಾರು ಜನ ಸಂಬಳವಿಲ್ಲದೆ ಒಂದೊಂದೇ ರಸ್ತೆ, ಒಂದೊಂದೇ ಬಾವಿ ಗುರುತಿಸಿ ಬೆಳೆಸಿದರು. ನನ್ನನ್ನು ಯಾರು ಬೇಕಾದರೂ ತಿದ್ದಬಹುದು. ತಿದ್ದಿದ್ದು ಎಲ್ಲರ ಫೋನಿಗೂ ಹೋಗುತ್ತದೆ. ಅದೇ ನನ್ನ ದೊಡ್ಡ ಗುಣವಂತೆ. ಹೊಗಳಲಿ.

ಗದಗಿನ ವಿರೂಪಾಕ್ಷಪ್ಪನವರು ನಿವೃತ್ತ ಡ್ರಾಯಿಂಗ್ ಮಾಸ್ತರು. ನಾಲ್ಕು ಆ್ಯಪ್ ಇಳಿಸಿಕೊಂಡು, ಹೆಣ್ಣು ನೋಡುವವರ ಹಾಗೆ ಪರೀಕ್ಷೆ ಮಾಡಿದರು. ಒಂದು ಜಾಹೀರಾತು ತೋರಿಸಿತು. ಒಂದು ಅವರು ಹೋದಲ್ಲೆಲ್ಲ ಬೆನ್ನು ಹತ್ತಿತು. ಇನ್ನೊಂದಕ್ಕೆ ನೆಟ್ ಇಲ್ಲದಿದ್ದರೆ ಕಣ್ಣೇ ಕಾಣದು. ಅವರ ಓಣಿಯ ಹೆಸರು ಯಾವುದರಲ್ಲೂ ಇರಲಿಲ್ಲ. ನನ್ನಲ್ಲೂ ಇರಲಿಲ್ಲ, ಆದರೆ ನೀವೇ ಬರೆಯಿರಿ ಎಂದೆ. ಮಾಸ್ತರು ನನಗೆ ಸೋತರು.

ಹಿಟ್ಟಿನ ಗಿರಣಿ, ಬೋರ್‌ವೆಲ್, ಬೇವಿನ ಮರ ಎಲ್ಲ ಬರೆದರು.

"ಗಿಡಾ ಬರದ್ರಿ, ನಾ ದಿನಾ ಕೂಡೋ ಕಟ್ಟಿ ಬರೀಲಿಲ್ಲಲ್ರೀ?" ಎಂದು ಹೆಂಡತಿ ಪಾರ್ವತೆವ್ವ ನಕ್ಕರು. ಕಟ್ಟೆಯೂ ಬಂತು.

ಆಮೇಲೆ ಟಂಟಂ ಆಟೋದವರು ನನ್ನನ್ನೇ ನೋಡಿಕೊಂಡು, ಮಾರ್ಕೆಟ್ಟಿಗೆ ಒಳದಾರಿಯೆಂದು ಓಣಿಗೆ ನುಗ್ಗತೊಡಗಿದರು. ಮಾಸ್ತರ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಒಂದು ದಿನ ಓಣಿಯ ಬಾಯಿಗೆ ಗುರುತು ಹಾಕಿ ಬರೆದರು: ಗೇಟು, ಸದಾ ಮುಚ್ಚಿರುತ್ತದೆ. ಅಲ್ಲಿ ಗೇಟೇ ಇರಲಿಲ್ಲ. ನನಗೆ ಕಣ್ಣಿಲ್ಲ, ನಂಬಿದೆ. ಕೆಲವು ವಾರಗಳಲ್ಲಿ ಓಣಿ ತಣ್ಣಗಾಯಿತು, ಮಾಸ್ತರು ಗೊರಕೆ ಹೊಡೆದರು.

ಮರುವರ್ಷ ಯುಗಾದಿಯ ಮರುದಿನ, ಹಬ್ಬಕ್ಕೆ ಬಂದಿದ್ದ ಮಗಳು ಮಹಾನಂದಾಳ ಎದುರಿಗೇ ಪಾರ್ವತೆವ್ವ ಎದೆ ಹಿಡಿದು ಕುಸಿದರು. ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ಅದರ ಡ್ರೈವರನ ಫೋನಿನಲ್ಲಿಯೂ ನಾನೇ ಇದ್ದೆ.

"ಮ್ಯಾಪಿನಾಗ ನಿಮ್ಮ ಓಣಿಗೆ ಗೇಟ್ ಐತ್ರೀ. ರೈಲ್ವೆ ಗೇಟ್ ಕಡೆಯಿಂದ ಸುತ್ತಿ ಬರಾಕತ್ತೀನಿ."

"ಗೇಟಿಲ್ಲೋ ಮಾರಾಯಾ, ಸೀದಾ ಬಾ!" ಮಾಸ್ತರು ಮಗಳ ಕೈಯಿಂದ ಫೋನ್ ಕಸಿದುಕೊಂಡು ಕಿರುಚಿದರು.

ಅಷ್ಟರಲ್ಲಿ ಆಂಬುಲೆನ್ಸ್ ಮುಚ್ಚಿದ ರೈಲ್ವೆ ಗೇಟಿನಲ್ಲಿ ಹಿಂದೊಂದು ಮುಂದೊಂದು ಲಾರಿಯ ನಡುವೆ ಸಿಕ್ಕಿತ್ತು. ಗೂಡ್ಸ್ ರೈಲು ಮುಗಿಯಲೊಲ್ಲದು. ನಾನು ಮಾತ್ರ "ನೇರ ಹೋಗಿ" ಎಂದು ವಿನಯದಿಂದ ಹೇಳುತ್ತಲೇ ಇದ್ದೆ. ಗಾಡಿ ಬಂದಾಗ ಒಯ್ಯಲು ಜೀವ ಉಳಿದಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರೊಬ್ಬರು, ಉಂಡವರೊಬ್ಬರು.

ಮಾಸ್ತರು ಅಂದೇ ಗೇಟು ಅಳಿಸಿದರು. ಒಂದು ಬೆರಳಿನ ಕೆಲಸ.

"ಆ ಗೇಟ್ ಯಾರು ಹಾಕಿದ್ರಪ್ಪಾ?" ಮೂರನೆಯ ದಿನ ಊಟಕ್ಕೆ ಕುಳಿತಾಗ ಮಹಾನಂದಾ ಕೇಳಿದಳು.

"ಯಾವನೋ ತಲಿಕೆಟ್ಟಾಂವ."

ಅಳಿಸಿದ್ದನ್ನೂ ನಾನು ಮರೆಯುವುದಿಲ್ಲ. ಯಾರು ಬರೆದರು, ಯಾವ ದಿನ ಬರೆದರು, ಎಲ್ಲ ಇಟ್ಟುಕೊಂಡಿರುತ್ತೇನೆ. ಕೇಳಿದವರಿಗೆಲ್ಲ ತೋರಿಸುತ್ತೇನೆ. ಅವಳಿಗೂ ತೋರಿಸಿದೆ. ಅವಳು ಅಪ್ಪನ ಹೆಸರಿರುವ ಆ ಪುಟ ತೆರೆದೇ ಫೋನನ್ನು ಅವರ ತಾಟಿನ ಪಕ್ಕಕ್ಕಿಟ್ಟು, "ಉಣ್ಣಪ್ಪಾ," ಎಂದಳು. ಸಂಜೆಯ ಬಸ್ಸಿಗೆ ಊರಿಗೆ ಹೋದಳು. ಮತ್ತೆ ಬಂದಿಲ್ಲ.

ಈಗ ನಾನು ಗಾಜು ಬಿರುಕು ಬಿಟ್ಟ ಹಳೆಯ ಫೋನಿನೊಳಗೆ ಮುದಿಯಾಗಿದ್ದೇನೆ. ಓಣಿಯಲ್ಲಿ ಮತ್ತೆ ಟಂಟಂಗಳ ಗದ್ದಲ. ನಿದ್ದೆ ಬಾರದ ಮಾಸ್ತರು ದಿನವೂ ಮಧ್ಯಾಹ್ನ ನನ್ನನ್ನು ತೆರೆದು ಪಾರ್ವತೆವ್ವನ ಕಟ್ಟೆಗೆ ದಾರಿ ಕೇಳುತ್ತಾರೆ. ಕನಿಕರ ನನ್ನ ಕೆಲಸವಲ್ಲ. ಕೇಳಿದ್ದನ್ನು ಹೇಳುತ್ತೇನೆ: ಇಪ್ಪತ್ತು ಹೆಜ್ಜೆ, ಅಡ್ಡಿ ಏನೂ ಇಲ್ಲ.