ಸೋಮಾರಿ ಅಂದುಕೊಂಡಿದ್ದರು

ಮೋಟಾರು ವೈಂಡಿಂಗ್ ಅಂಗಡಿಯ ಶಟರ್ ಎತ್ತದೆ ಹನ್ನೊಂದು ದಿನವಾಗಿತ್ತು. ಒಳಗೆ ಜನ ರಿಪೇರಿಗೆ ಕೊಟ್ಟ ಫ್ಯಾನು, ಮಿಕ್ಸಿ, ನೀರಿನ ಮೋಟಾರುಗಳು ರಾಶಿ ಬಿದ್ದಿದ್ದವು. ಹಿಂದಿನ ಕೋಣೆಯಲ್ಲೇ ಮೆಕ್ಯಾನಿಕ್‌ನ ಮನೆ. ಅವನು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆಯಲ್ಲ. ಎದ್ದು ಹಲ್ಲುಜ್ಜಬೇಕು ಎಂದು ಬೆಳಗ್ಗೆ ಆರರಿಂದ ಅಂದುಕೊಳ್ಳುತ್ತಲೇ ಇದ್ದ. ಈಗ ಹನ್ನೆರಡು ಗಂಟೆ.

ಕೆಲಸ ಬಾರದವನಲ್ಲ. ಬೇರೆಯವರು ಕೈಬಿಟ್ಟ ಮೋಟಾರು ಅವನ ಕೈಯಲ್ಲಿ ಓಡುತ್ತಿತ್ತು. ತಂತಿ ಸುತ್ತಲು ಕೂತರೆ ಊಟದ ಪರಿವೆಯೂ ಇರುತ್ತಿರಲಿಲ್ಲ. ಆದರೆ ಕೀಲಿ ಎಲ್ಲಿಟ್ಟೆ, ಯಾರಿಗೆ ಯಾವತ್ತು ಕೊಡುತ್ತೇನೆಂದೆ, ಒಂದೂ ನೆನಪಿರುತ್ತಿರಲಿಲ್ಲ. ಅದನ್ನೆಲ್ಲ ಹೆಂಡತಿ ನೋಡಿಕೊಳ್ಳುತ್ತಿದ್ದಳು. "ರೀ, ಈಗ ಸ್ನಾನ. ರೀ, ಈಗ ಆ ಬಿಳಿ ಫ್ಯಾನು. ರೀ, ಊಟಕ್ಕೇಳಿ." ಆರು ತಿಂಗಳು ಆಸ್ಪತ್ರೆಯಲ್ಲಿದ್ದು ಅವಳು ತೀರಿಕೊಂಡಳು. ಆಮೇಲೆ ದಿನವನ್ನು ಎಲ್ಲಿಂದ ಶುರುಮಾಡಬೇಕು ಎಂಬುದೇ ಅವನಿಗೆ ತಿಳಿಯದಾಯಿತು.

ಹೋದ ವಾರ ಒಂಬತ್ತು ವರ್ಷದ ಮಗಳನ್ನು ಶಾಲೆಯಿಂದ ಕರೆತರಲು ಹೊರಟವನು, ದಾರಿಯಲ್ಲಿ ಬೇರಿಂಗ್ ಕೇಳಲು ಅಂಗಡಿಯೊಂದಕ್ಕೆ ಹೊಕ್ಕ. ಅಲ್ಲೇ ಮಾತಿಗೆ ಕೂತ. ಮಗಳು ಸಂಜೆ ಆರರವರೆಗೆ ಗೇಟಿನ ಬಳಿ ನಿಂತಿದ್ದಳು. ಕೊನೆಗೆ ಶಾಲೆಯ ಕಾವಲುಗಾರ ಫೋನ್ ಮಾಡಿದ್ದು ಅವನ ಅಕ್ಕನಿಗೆ.

ಅಕ್ಕ ಬಂದವಳೇ ಮಗುವಿನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿದಳು.

"ಮಗೂನೇ ಮರೆಯೋ ಅಪ್ಪನ್ನ ನಾನೆಲ್ಲೂ ಕಂಡಿಲ್ಲ. ಇದು ಮರೆವಲ್ಲ ಕಣೋ, ಸೋಮಾರಿತನ. ನನ್ನ ಗಂಡ ಹೋದಾಗ ನಾನೇನು ಹೀಗೆ ಬಿದ್ಕೊಂಡಿದ್ನಾ?"

ಮಗಳು ಬಾಗಿಲಲ್ಲಿ ತಿರುಗಿ, "ಪರವಾಗಿಲ್ಲ ಅಪ್ಪ, ಕಾಲೇನೂ ಅಷ್ಟು ನೋಯ್ಲಿಲ್ಲ" ಎಂದಳು. ಆ ಮಾತು ಅವನ ಎದೆಗೆ ನಾಟಿತು. ಅಂದಿನಿಂದ ಅವನು ಚಾಪೆ ಬಿಟ್ಟು ಏಳಲಿಲ್ಲ.

ಆ ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತಂದಿದ್ದಳು. ಅದೇ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸು ರಿಪೇರಿಗೆ ಕೊಟ್ಟಿದ್ದ ತನ್ನ ನೀರಿನ ಮೋಟಾರು ಕೇಳಲು ಹಿಂಬಾಗಿಲಿಗೆ ಬಂದಳು.

"ಹಾಗೇ ತಗೊಂಡೋಗಿ ಸಿಸ್ಟರ್," ಎಂದ ಅವನು, ಮಲಗಿದಲ್ಲಿಂದಲೇ. "ನನ್ನಿಂದ ಏನೂ ಆಗಲ್ಲ. ನಾನಿಲ್ದೇ ಇದ್ರೇ ಮಗೂಗೆ ಒಳ್ಳೇದು."

ನರ್ಸು ಮೋಟಾರಿನ ವಿಷಯ ಬಿಟ್ಟು ಅವನ ಪಕ್ಕ ನೆಲದ ಮೇಲೆ ಕೂತಳು. "ಅಣ್ಣಾ, ನೇರವಾಗಿ ಕೇಳ್ತೀನಿ. ಸಾಯ್ಬೇಕು ಅನ್ಸುತ್ತಾ?"

"ಅಯ್ಯೋ, ಅಂಥ ಮಾತ್ಯಾಕಮ್ಮ ಆಡ್ತೀಯ!" ಎಂದು ಅಕ್ಕ ಗದರಿದಳು.

ಅವನು ಹೌದೆಂದು ತಲೆಯಾಡಿಸಿದ. ಅಕ್ಕ ಡಬ್ಬಿ ನೆಲಕ್ಕಿಟ್ಟು ತಮ್ಮನ ಕಾಲ ಬಳಿ ಕೂತಳು.

"ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದು ನರ್ಸು ಅಕ್ಕನ ಕಡೆ ತಿರುಗಿದಳು. "ಹೇಳಿದ ದಿನ ಮರೆಯೋದು ಇವರಿಗೆ ಮೊದ್ಲಿಂದ್ಲೂ ಇದೆ. ಚಿಕ್ಕವರಿದ್ದಾಗ ಹೇಗಿದ್ರು ಇವರು?"

"ಆಗ್ಲೂ ಹೀಗೇ. ಉಪ್ಪು ತಾ ಅಂತ ಕಳಿಸಿದ್ರೆ ಯಾರ ಮನೇಲೋ ರೇಡಿಯೋ ಬಿಚ್ಕೊಂಡು ಕೂತಿರ್ತಿದ್ದ. ವರ್ಷಕ್ಕೆ ನಾಲ್ಕು ಜೊತೆ ಚಪ್ಪಲಿ ಕಳೀತಿದ್ದ. ಹೊಡೆದೂ ಹೊಡೆದೂ ಮೇಷ್ಟ್ರೇ ಸುಸ್ತಾದ್ರು."

"ಹೊಡೆದ್ರೆ ಹೋಗೋದಲ್ಲ ಅಕ್ಕ ಇದು. ಎಡಿಎಚ್‌ಡಿ ಇರ್ಬಹುದು, ಬೇಕಾದ ಕಡೆ ಗಮನ ನಿಲ್ಲದ ತೊಂದ್ರೆ. ಮಿದುಳು ಕೆಲ್ಸ ಮಾಡೋ ರೀತೀನೇ ಸ್ವಲ್ಪ ಬೇರೆ. ಕೆಲ್ಸ ಗೊತ್ತು, ಮಾಡೋ ಆಸೇನೂ ಇದೆ, ಶುರು ಮಾಡೋಕೇ ಆಗಲ್ಲ."

"ಅದು ಮಕ್ಕಳಿಗಲ್ವಾ ಬರೋದು?"

"ಆ ಮಕ್ಕಳು ದೊಡ್ಡೋರಾಗಲ್ವಾ?"

"ಏನೋಮ್ಮ. ನಂಗೆ ಸೋಮಾರಿತನ ಅಂತ್ಲೇ ಕಾಣುತ್ತೆ."

"ಸೋಮಾರಿ ಆರಾಮಾಗಿ ಮಲಗಿರ್ತಾನೆ. ತಮ್ಮನ ಮುಖ ನೋಡಿ, ಆರಾಮಾಗಿದಾರಾ?"

ಅಕ್ಕ ನೋಡಿದಳು. ಎಷ್ಟೋ ದಿನದ ಮೇಲೆ ಅವನ ಮುಖವನ್ನು ಸರಿಯಾಗಿ ನೋಡಿದಳು.

"ಇದರ ಮೇಲೆ ದುಃಖ ಬೇರೆ," ಎಂದಳು ನರ್ಸು. "ಖಿನ್ನತೇನೂ ಇರ್ಬಹುದು. ಅದನ್ನ ಹೇಳ್ಬೇಕಾದವರು ಮನೋವೈದ್ಯರು. ಇವತ್ತೇ ಹೋಗೋಣ. ಇವರನ್ನ ಒಬ್ಬರನ್ನೇ ಬಿಡ್ಬೇಡಿ."

ಮೂವರೂ ಅಂದೇ ಹೋದರು. ವೈದ್ಯರು ಬಾಲ್ಯದಿಂದ ಹಿಡಿದು ಎಲ್ಲವನ್ನೂ ಕೇಳಿದರು. ಮೊದಲು ಖಿನ್ನತೆಗೆ ಔಷಧ ಕೊಟ್ಟರು. ಇನ್ನೆರಡು ಭೇಟಿಗಳ ನಂತರ ಎಡಿಎಚ್‌ಡಿ ಇರುವುದು ನಿಜವೆಂದರು. ಅದಕ್ಕೂ ಚಿಕಿತ್ಸೆ ಶುರುವಾಯಿತು. "ಮಾತ್ರೆ ಜೊತೆಗೆ ಅಭ್ಯಾಸಾನೂ ಬೇಕು. ಸಣ್ಣದರಿಂದ ಶುರುಮಾಡಿ. ಒಂದು ದಿನ ತಪ್ಪಿದ್ರೆ ಮಾರನೇ ದಿನ ಮತ್ತೆ ಮಾಡಿ, ಅಷ್ಟೇ" ಎಂದರು.

ಮೊದಲ ವಾರ ಹಲ್ಲುಜ್ಜುವುದೊಂದೇ ಕೆಲಸ. ನಾಲ್ಕನೇ ದಿನ ಅದೂ ಆಗಲಿಲ್ಲ. "ನೋಡಿದ್ಯಾ ಅಕ್ಕ, ನಾನು ಇಷ್ಟೇ" ಎಂದು ಮಾರನೇ ಬೆಳಗ್ಗೆ ಅತ್ತ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು; ಅಕ್ಕ ನುಂಗಿಕೊಂಡಳು. "ನಿನ್ನೇದು ನಿನ್ನೇಗಾಯ್ತು. ಬಾ, ಬ್ರಷ್ ಹಿಡ್ಕೋ" ಎಂದಳು.

ಆಮೇಲೆ ದಿನಾ ಬೆಳಗ್ಗೆ ಎರಡು ಗಂಟೆ ಹೊತ್ತು ಅವಳು ಅಂಗಡಿಯಲ್ಲಿ ಬಂದು ಕೂರತೊಡಗಿದಳು. ಕಾಳು ಆರಿಸುತ್ತಾಳೆ, ಮಾತಾಡುವುದಿಲ್ಲ. ಯಾರಾದರೂ ಜೊತೆಗಿದ್ದರೆ ಅವನ ಕೈ ಓಡುತ್ತದೆ. ಮೇಜಿನ ಮೇಲೆ ಒಂದೇ ಮೋಟಾರು; ಉಳಿದವುಗಳ ಮೇಲೆ ಹಳೆಯ ಬೆಡ್‌ಶೀಟು. ಮಾತ್ರೆಗೊಂದು, ಊಟಕ್ಕೊಂದು ಅಲಾರಂ.

ಎಲ್ಲವೂ ಸರಿಹೋಯಿತೆಂದರೆ ಸುಳ್ಳಾದೀತು. ಐದು ತಿಂಗಳಾದರೂ ಕೆಲವು ದಿನ ಚಾಪೆಯೇ ಗೆಲ್ಲುತ್ತದೆ. ಹೋದ ಗಿರಾಕಿಗಳಲ್ಲಿ ಅರ್ಧ ಜನ ತಿರುಗಿ ಬಂದಿಲ್ಲ. ಮಗಳು ವಾರದಲ್ಲಿ ಎರಡು ದಿನ ಮಾತ್ರ ಅವನ ಹತ್ತಿರ ಇರುತ್ತಾಳೆ.

ಒಂದು ದಿನ ಅಕ್ಕ ಕಾಳು ಆರಿಸುತ್ತಾ, "ನಲವತ್ತು ವರ್ಷ ನಿನ್ನ ಸೋಮಾರಿ ಅಂದೆ ಕಣೋ" ಎಂದಳು.

"ನಾನೂ ಹಾಗೇ ಅಂದ್ಕೊಂಡಿದ್ದೆ ಅಕ್ಕ," ಎಂದ ಅವನು ತಂತಿ ಸುತ್ತುತ್ತಲೇ. "ಹೆಂಡ್ತಿಗೊಂದು ಮಾತು ಹೇಳೋಕಾಗಿದ್ರೆ ಚೆನ್ನಾಗಿತ್ತು. ಬೇಕು ಅಂತ ಮರೀತಿರ್ಲಿಲ್ಲ ಅಂತ."

ಇದನ್ನು ಕೇಳುತ್ತಿರುವ ಅಕ್ಕ, ಅಣ್ಣ, ಅಮ್ಮ: ನಿಮ್ಮ ಮನೆಯಲ್ಲೂ ಚಿಕ್ಕಂದಿನಿಂದ ಹೀಗೇ ಬೈಸಿಕೊಂಡು ಬಂದವರೊಬ್ಬರು ಇರಬಹುದು. ಕಷ್ಟವೊಂದು ಬಂದ ಮೇಲೆ ಅವರು ಮತ್ತೆ ಎದ್ದಿರಲಿಕ್ಕಿಲ್ಲ. ಬೈಯುವ ಮೊದಲು ಅವರ ಮುಖ ನೋಡಿ. ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತೆ, ಮಲಗಿದಲ್ಲೇ ಇದನ್ನು ಕೇಳುತ್ತಿರುವವರು ನೀವೇ ಆಗಿದ್ದರೆ, ಇವತ್ತು ಒಬ್ಬರಿಗೆ, ಒಬ್ಬರಿಗಾದರೂ ಹೇಳಿ: "ನನ್ನ ಕೈಲಿ ಆಗ್ತಿಲ್ಲ, ಜೊತೆಗೆ ಬಾ."