ಕೆಂಪು ಗೆರೆ ಹೋದ ದಾರಿ

"ಏ ಮೀನುನಾತ, ಬಕೆಟ್ ತಗೊಂಡು ಆಚೆ ಸಾಯಿ. ದೊಡ್ಡೋರು ಬರೋ ಹೊತ್ತು," ಎಂದರು ನಿರ್ದೇಶಕರು.

ಕಡಲನ್ನು ಅಳೆಯುವ ಆ ಕಚೇರಿಯಲ್ಲಿ ನಾನು ಕಸ ಗುಡಿಸುತ್ತಿದ್ದೆ. ಗಂಡ ಹೋದ ಮೇಲೆ ಸಿಕ್ಕ ಕೆಲಸ. ಮೀನು ಮುಟ್ಟಿ ವರ್ಷವಾಗಿದ್ದರೂ ಅಲ್ಲಿ ನನಗೆ ಅದೇ ಹೆಸರು. ಬಕೆಟ್ ಹಿಡಿದು ಸಭೆಯ ಹಿಂದಿನ ಗೋಡೆಗೆ ಆನಿಕೊಂಡೆ.

ಅಂದು ವೆಬ್‌ಸೈಟಿನ ಉದ್ಘಾಟನೆ. ನೀರಲ್ಲಿ ತೇಲುವ ಯಂತ್ರಗಳು ಗಂಟೆಗೊಮ್ಮೆ ಅಂಕಿ ಕಳಿಸುತ್ತವಂತೆ. ಅವನ್ನೆಲ್ಲ ಕೂಡಿಸಿ ಕಂಪ್ಯೂಟರು ತನ್ನೊಳಗೇ ಒಂದು ಕಡಲು ಕಟ್ಟುತ್ತದಂತೆ. ಇಷ್ಟು ದಿನ ಸಂಶೋಧಕರಿಗಷ್ಟೇ ಸಿಗುತ್ತಿದ್ದುದನ್ನು ಇನ್ನು ಯಾರು ಬೇಕಾದರೂ ಮನೆಯಲ್ಲೋ ಇಲ್ಲಿಗೇ ಬಂದೋ ನೋಡಬಹುದು ಎಂದರು ನಿರ್ದೇಶಕರು. ಉದಾಹರಣೆಗೆಂದು ಹೋದ ವರ್ಷದ ಬಿರುಗಾಳಿಯನ್ನು ಪರದೆಗೆ ತಂದರು. ಅವತ್ತು ಇಂಜಿನ್ ಕೆಟ್ಟು ಕಣ್ಮರೆಯಾದ ದೋಣಿ ಯಾವ ಗಂಟೆಗೆ ಎಲ್ಲಿ ತೇಲುತ್ತಿತ್ತೆಂದು ತೋರಿಸಲು ಒಂದು ಕೆಂಪು ಗೆರೆ ಹೊರಟಿತು.

ಅದು ನನ್ನ ಗಂಡನ ದೋಣಿ. ಒಳಗೆ ನಾಲ್ಕು ಜನ ಇದ್ದರು. ಹುಡುಕಲು ಹೋದ ಹಡಗು ದಕ್ಷಿಣವನ್ನೆಲ್ಲ ಜಾಲಾಡಿ ಬರಿಗೈಲಿ ಬಂತು. ಹನ್ನೊಂದನೇ ದಿನ ದೋಣಿ ಮಗುಚಿ ಸಿಕ್ಕಿದ್ದು ಉತ್ತರದ ಬಂಡೆಸಾಲಿನಲ್ಲಿ. ಗೆರೆ ಮೆಲ್ಲಗೆ ಹೋಗಿ ಅದೇ ಬಂಡೆಸಾಲನ್ನು ಮುಟ್ಟಿತು.

"ಸಾರ್, ಈ ಗೆರೆ ಯಾವತ್ತು ಬರೆದಿದ್ದು?"

ಎಲ್ಲರೂ ತಿರುಗಿದರು. ನಿರ್ದೇಶಕರು ನಕ್ಕು, ನೋಡಿ, ಕಸ ಗುಡಿಸೋಳಿಗೂ ಅರ್ಥವಾಗುತ್ತಿದೆ ಎಂದರು. ಚಪ್ಪಾಳೆ ಬಿತ್ತು. "ಅದು ತಾನಾಗೇ ಬರುತ್ತಮ್ಮ. ದೋಣಿ ಮುಂದೆ ಹೋಗೋ ದಾರಿಯೆಲ್ಲ ಅವತ್ತೇ ಸಂಜೆ ಬಂದಿತ್ತು."

"ಅವತ್ತು ಸಂಜೆ ನಾನು ನಿಮ್ಮ ಗೇಟಲ್ಲೇ ಕೂತಿದ್ದೆ. ಮೂರು ದಿನ ಕೂತಿದ್ದೆ."

ಯಾರೂ ಲಿಖಿತವಾಗಿ ಕೇಳಿರಲಿಲ್ಲ, ಕೇಳದೆ ಕೊಡುವಂತಿರಲಿಲ್ಲ ಎಂದು ಅವರು ದೊಡ್ಡವರ ಕಡೆ ತಿರುಗಿ ಹೇಳಿದರು. ಅಷ್ಟರಲ್ಲಿ ಕಾವಲಿನವನು ನನ್ನ ರಟ್ಟೆ ಹಿಡಿದು ಹೊರಗೆ ಎಳೆದ. "ಬಾಯಿ ಮುಚ್ಚೇ, ಮುಂಡೆ." ಬೈದದ್ದೇನೋ ಹೌದು, ಗಂಡ ಸತ್ತವಳೇ ನಾನು. ಆದರೆ ನನ್ನನ್ನು ಹಾಗೆ ಮಾಡಿದವರು ಒಳಗೆ ಕೂತಿದ್ದರು.

ಕೆಲಸ ಅಲ್ಲಿಗೇ ಹೋಯಿತು. ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿದಳು. ಅಳಲಿಲ್ಲ.

"ಯಾರು ಬೇಕಾದ್ರೂ ನೋಡ್ಬೋದು ಅಂದ್ನಾ?"

"ಹೂಂ."

"ಹಂಗಾದ್ರೆ ನಡಿ."

ಮಾರನೇ ಬೆಳಿಗ್ಗೆ ಉಳಿದ ಮೂವರ ಹೆಂಡಂದಿರೂ ನಮ್ಮ ಜೊತೆ ಕಚೇರಿಗೆ ಬಂದರು. ಕಾವಲಿನವನು ಅಡ್ಡ ಬಂದ. ಸಾರ್ವಜನಿಕರಿಗೆ ಮುಕ್ತ ಎಂಬ ಹೊಸ ಬೋರ್ಡು ಅವನ ಬೆನ್ನ ಹಿಂದೆಯೇ ಇತ್ತು. ಅತ್ತೆ ಅದನ್ನು ತೋರಿಸಿ ಒಳಗೆ ನಡೆದಳು. ನಾವೂ ಹೋಗಿ ಮುಂದಿನ ಕುರ್ಚಿಗಳಲ್ಲಿ ಕೂತೆವು. ಆ ಗೆರೆ ತೋರಿಸಪ್ಪಾ ಎಂದಳು ಅತ್ತೆ. ಕಂಪ್ಯೂಟರಿನವನು ನಿರ್ದೇಶಕರ ಮುಖ ನೋಡಿದ, ಆಮೇಲೆ ಗೆರೆಯನ್ನು ಗಂಟೆ ಗಂಟೆಗೆ ನಡೆಸಿದ.

ಎರಡನೇ ದಿನದ ಮಧ್ಯಾಹ್ನಕ್ಕೆ ಬಂದಾಗ ಅತ್ತೆ ನಿಲ್ಲಿಸಲು ಹೇಳಿದಳು. "ಅಲ್ಲಿ ನೀರು ಎಷ್ಟು ತಣ್ಣಗಿತ್ತಪ್ಪಾ?"

ಅವನು ಪರದೆಯ ಮೂಲೆಯ ಅಂಕಿಯನ್ನು ಓದಿದ. ನಾಲ್ವರಲ್ಲಿ ಕಿರಿಯವನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸಾಕು, ಹೊರಡಿ ಎಂದರು ನಿರ್ದೇಶಕರು. ಯಾರೂ ಏಳಲಿಲ್ಲ.

"ಮುಂದಿನ ಗಂಟೆ," ಎಂದಳು ಅತ್ತೆ.